ತೇವಯಂತ್ರದ ಶ್ವೇತಧೂಳಿ

ಮಾಘಮಾಸವು ಕಳೆದು ಫಾಲ್ಗುಣವು ಹೊಕ್ಕಿತೆಂದರೆ ಬೆಂಗಳೂರಿನ ಗಾಳಿಯು ಒಣಗಿಹೋಗುವುದು. ತುಟಿಗಳು ಒಡೆಯುವುವು, ಮಕ್ಕಳ ಮೂಗು ಕಟ್ಟುವುದು, ಓಲೆಗರಿಯ ಕಟ್ಟನ್ನು ಬಿಚ್ಚಹೋದರೆ ಗರಿಯ ಅಂಚು ಪುಡಿಯಾಗಿ ಕೈಗೆ ಬರುವುದು. ಇದಕ್ಕೆ ಪರಿಹಾರವೆಂದು, ಕೋಣೆಯೊಳಗೆ ನೀರನ್ನು ಮಂಜಿನಂತೆ ಸೂಸುವ ಚಿಕ್ಕ ಯಂತ್ರವೊಂದು ಈಚೆಗೆ ಅನೇಕ ಗೃಹಗಳನ್ನು ಸೇರಿರುವುದನ್ನು ವಾಚಕರು ಬಲ್ಲರು. ಅಂಗಡಿಯವರು ಇದನ್ನು ಹ್ಯುಮಿಡಿಫೈಯರ್ ಎನ್ನುವರು. ಇದಕ್ಕೆ ನಮ್ಮಲ್ಲಿ ಒಂದು ಹೆಸರು ಬೇಕೆಂದಾಗ ಮಿತ್ರರೊಬ್ಬರು ‘ಆರ್ದ್ರಕ’ವೆಂದು ಸೂಚಿಸಿದರು. ವ್ಯುತ್ಪತ್ತಿಯೇನೋ ಸರಿಯೇ, ಆದರೆ ಕೋಶಗಳಲ್ಲಿ ಆರ್ದ್ರಕವೆಂದರೆ ಹಸಿಶುಂಠಿ. ಬೇಸಗೆಯಲ್ಲಿ ನೀರು ಮುಗಿದ ಯಂತ್ರವನ್ನು ಒಣಶುಂಠಿಯೆಂದು ಕರೆಯಬೇಕಾದೀತು. ಆದಕಾರಣ ‘ತೇವಯಂತ್ರ’ವೆಂಬ ಸಾಮಾನ್ಯ ಪದವನ್ನೇ ಇಲ್ಲಿ ಬಳಸಿರುವೆನು.

ಈ ಲೇಖನಕ್ಕೆ ನಿಮಿತ್ತವಾದುದು ನನ್ನದೇ ಒಂದು ಪ್ರಮಾದ. ಎಳೆಯ ಮೊಮ್ಮಗುವಿಗೆ ಶೀತವು ಬಿಡದಿರಲು, ಮಗು ಮಲಗುವ ಕೋಣೆಯಲ್ಲಿ ತೇವಯಂತ್ರವೊಂದನ್ನು ಇರಿಸಿದೆವು. ಅದೇ ಕೋಣೆಯಲ್ಲಿ ನನ್ನ ಪುಸ್ತಕಗಳ ಕಪಾಟೂ ಇರುವುದು. ಗರಿಗಳಿಗೂ ಒಳಿತಾಗಲೆಂಬ ಆಸೆ ನನಗಿದ್ದಿತು. ಐದಾರು ದಿನಗಳಲ್ಲಿ ಕಪಾಟಿನ ಗಾಜಿನ ಮೇಲೆ, ಮೇಜಿನ ಮೇಲೆ, ತೊಟ್ಟಿಲಿನ ಪಟ್ಟಿಯ ಮೇಲೆ ಅಕ್ಕಿಹಿಟ್ಟನ್ನು ಜರಡಿಯಾಡಿಸಿದಂತೆ ಬಿಳಿಯ ಧೂಳು ಕುಳಿತಿತು. ಒರೆಸಿದರೆ ಮರುದಿನ ಮತ್ತೆ ಅಷ್ಟೇ. ಇದು ಯಂತ್ರದಿಂದಲೇ ಬರುವುದೆಂದು ಸೊಸೆಯು ಹೇಳಿದಳು. ನಾನು ಒಪ್ಪಲಿಲ್ಲ. ತೊಟ್ಟಿಯಲ್ಲಿದ್ದ ನೀರು ಸ್ಫಟಿಕದಂತೆ ತಿಳಿಯಾಗಿದ್ದಿತು. ಕುಡಿಯುವ ನೀರನ್ನೇ ಬಟ್ಟೆಯಲ್ಲಿ ಶೋಧಿಸಿ ಹೊಯ್ದಿದ್ದೆವು. ತಿಳಿನೀರಿನಲ್ಲಿ ಧೂಳೆಲ್ಲಿಂದ ಬಂದೀತು? ಗೋಡೆಯ ಸುಣ್ಣವು ತೇವಕ್ಕೆ ಉದುರುತ್ತಿರಬೇಕೆಂದು ವಾದಿಸಿದೆನು.

ವಾದವು ಮುಗಿಯದಿರಲು ಪರೀಕ್ಷೆಗೆ ತೊಡಗಿದೆವು. ಮಗುವನ್ನು ಬೇರೆಡೆಯಲ್ಲಿ ಮಲಗಿಸಿ, ಕೋಣೆಯ ಬಾಗಿಲನ್ನು ಮುಚ್ಚಿ, ಮಕ್ಕಳು ಬರೆಯುವ ಕರಿಯ ಸ್ಲೇಟೊಂದನ್ನು ಮೇಜಿನ ಮೇಲಿಟ್ಟು, ಕೊಳವೆಬಾವಿಯ ನೀರಿನಿಂದ ಒಂದು ರಾತ್ರಿ ಯಂತ್ರವನ್ನು ನಡೆಸಿದೆವು. ಬೆಳಗ್ಗೆ ಸ್ಲೇಟಿನ ಮೇಲೆ ಬೆರಳಿನಿಂದ ಅಕ್ಷರವನ್ನು ಬರೆಯಬಹುದಾಗಿದ್ದಿತು. ಮರುರಾತ್ರಿ ಔಷಧದ ಅಂಗಡಿಯಿಂದ ತಂದ ಬಟ್ಟಿಯಿಳಿಸಿದ ನೀರನ್ನು ತುಂಬಿ ಅದೇ ಕ್ರಮದಿಂದ ನಡೆಸಿದೆವು. ಸ್ಲೇಟು ಕರ್ರಗೆ ಇದ್ದಂತೆಯೇ ಇದ್ದಿತು. ಗೋಡೆಯು ಎರಡು ರಾತ್ರಿಯೂ ಅದೇ ಗೋಡೆ. ಪಕ್ಷ, ಸಪಕ್ಷ, ವಿಪಕ್ಷಗಳನ್ನು ವರ್ಷಗಟ್ಟಲೆ ಪಾಠಹೇಳಿದ ನಾನು ಅನ್ವಯ ವ್ಯತಿರೇಕಗಳೆರಡನ್ನೂ ಒಂದು ಸ್ಲೇಟಿನ ಮೇಲೆ ಕಂಡು ಸುಮ್ಮನಾಗಬೇಕಾಯಿತು.

ಇದರ ಕಾರಣವನ್ನು ಅರಿಯಬೇಕಾದರೆ ತೇವಯಂತ್ರಗಳಲ್ಲಿರುವ ಭೇದವನ್ನು ಅರಿಯಬೇಕು. ಒಂದು ಬಗೆಯ ಯಂತ್ರವು ನೀರನ್ನು ಕುದಿಸಿ ಹಬೆಯನ್ನು ಬಿಡುವುದು. ಇನ್ನೊಂದು ಬಗೆಯದು ಒದ್ದೆಯಾದ ಬತ್ತಿಯ ಮೂಲಕ ಗಾಳಿಯನ್ನು ಹಾಯಿಸುವುದು. ಬಾಗಿಲಿಗೆ ಲಾವಂಚದ ತಟ್ಟಿಯನ್ನು ಕಟ್ಟಿ ನೀರು ಚಿಮುಕಿಸುವ ಹಿಂದಿನ ಪದ್ಧತಿಯೂ, ಕಲಬುರಗಿ ರಾಯಚೂರುಗಳ ಬೇಸಗೆಯಲ್ಲಿ ಮನೆಮನೆಯಲ್ಲಿರುವ ಕೂಲರೂ ಈ ಜಾತಿಗೆ ಸೇರಿದವು. ಈ ಎರಡು ಬಗೆಗಳಲ್ಲಿಯೂ ನೀರು ಆವಿಯಾಗಿ ಹೋಗುವುದು. ನೀರಿನಲ್ಲಿ ಕರಗಿದ್ದ ಲವಣಗಳು ಹಿಂದೆ ಉಳಿಯುವುವು, ಕುದಿಸುವ ಯಂತ್ರದಲ್ಲಿ ಪಾತ್ರೆಯ ತಳದಲ್ಲಿ, ಬತ್ತಿಯ ಯಂತ್ರದಲ್ಲಿ ಬತ್ತಿಯಲ್ಲಿ. ಕೂಲರಿನ ಹುಲ್ಲು ಒಂದೆರಡು ಬೇಸಗೆಗಳಲ್ಲಿ ಕಲ್ಲಿನಂತೆ ಪೆಡಸಾಗುವುದಕ್ಕೆ ಇದೇ ಕಾರಣ.

ನಮ್ಮ ಮನೆಗೆ ಬಂದುದು ಮೂರನೆಯ ಬಗೆಯದು. ಇದರ ತಳದಲ್ಲಿ ಕಾಸಿನಗಲದ ಬಿಲ್ಲೆಯೊಂದಿರುವುದು. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ತೋರುವುದೆಂದು ಜಾಕ್ ಕ್ಯೂರಿ, ಪಿಯರ್ ಕ್ಯೂರಿ ಎಂಬ ಸಹೋದರರು 1880ರಲ್ಲಿ ಕಂಡುಹಿಡಿದರು. ವಿದ್ಯುತ್ತನ್ನು ಹಾಯಿಸಿದರೆ ಹರಳು ಕಂಪಿಸುವುದೆಂಬುದು ಇದರ ವಿಲೋಮ. ಈ ತತ್ತ್ವದಿಂದಲೇ ಬಿಲ್ಲೆಯು ಸೆಕೆಂಡಿಗೆ ಹೆಚ್ಚುಕಡಮೆ 17 ಲಕ್ಷ ಸಲ ನಡುಗುವುದು. ಕಿವಿಗೆ ಕೇಳಿಸದ ಈ ಕಂಪನದಿಂದ ನೀರಿನ ಮೇಲ್ಮೈ ಸೀಳಿ ಅತಿಸೂಕ್ಷ್ಮವಾದ ಹನಿಗಳಾಗಿ ಚಿಮ್ಮುವುದು. ನಾವು ಹಬೆಯೆಂದು ಭ್ರಮಿಸುವುದು ಹಬೆಯಲ್ಲ, ತಣ್ಣನೆಯ ಹನಿಗಳ ಸಮೂಹ. ಆವಿಯಾಗುವಾಗ ನೀರು ತನ್ನ ಲವಣಗಳನ್ನು ತ್ಯಜಿಸಿ ಹೋಗುವುದು. ಹನಿಯಾಗಿ ಹಾರುವಾಗ ಸಂಸಾರಸಮೇತವಾಗಿ ಹೋಗುವುದು. ಹನಿಯಲ್ಲಿದ್ದ ನೀರು ಗಾಳಿಯಲ್ಲಿ ಆರಿದೊಡನೆ ಲವಣದ ಕಣವೊಂದು ತೇಲುತ್ತ ಉಳಿಯುವುದು. ಶ್ವೇತಧೂಳಿಯೆಂದರೆ ಇದೇ, ಇದರಲ್ಲಿ ಪ್ರಧಾನವಾದುವು ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಲವಣಗಳು.

ಇದರ ಪ್ರಮಾಣವನ್ನು ಲೆಕ್ಕಹಾಕಿ ನೋಡಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕವು (ಐ.ಎಸ್. 10500, 2012ರ ಆವೃತ್ತಿ) ಒಂದು ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಪದಾರ್ಥವಿರಬಹುದೆಂದು ಹೇಳುವುದು, ಬೇರೆ ಜಲಮೂಲವಿಲ್ಲದ ಕಡೆ 2000 ಮಿಲಿಗ್ರಾಂವರೆಗೂ ಅನುಮತಿಯುಂಟು. ಯಂತ್ರವು ಗಂಟೆಗೆ 300 ಮಿಲಿಲೀಟರಿನಂತೆ ಎಂಟು ಗಂಟೆ ನಡೆದರೆ 2.4 ಲೀಟರು ನೀರು ಕೋಣೆಗೆ ಸೇರುವುದು. ಮಾನಕಕ್ಕೆ ಒಪ್ಪುವ 500ರ ನೀರಾದರೂ ಅದರೊಡನೆ 1.2 ಗ್ರಾಂ ಲವಣವು ಗಾಳಿಗೆ ಬಂದಿತು. ತಿಂಗಳಿಗೆ 36 ಗ್ರಾಂ, ಎಂದರೆ ಮೂರು ತೊಲ. ನಮ್ಮ ಕೊಳವೆಬಾವಿಯ ನೀರನ್ನು ಚಿಕ್ಕ ಮೀಟರೊಂದರಿಂದ ಅಳೆದಾಗ 870 ತೋರಿಸಿತು. ಅಲ್ಲಿಗೆ ರಾತ್ರಿಯೊಂದಕ್ಕೆ ಎರಡು ಗ್ರಾಮಿಗೂ ಮಿಗಿಲಾಯಿತು.

ಗಾಜಿನ ಮೇಲೆ ಕುಳಿತ ಧೂಳು ಒರೆಸಿದರೆ ಹೋಗುವುದು. ವಿಚಾರಮಾಡಬೇಕಾದುದು ಕುಳಿತುಕೊಳ್ಳದೆ ತೇಲುವ ಭಾಗವನ್ನು. ನಾಲ್ಕು ಮೈಕ್ರಾನು ಅಗಲದ ಹನಿಯು ಆರಿದರೆ, ಮೇಲೆ ಹೇಳಿದ 500ರ ನೀರಿನಲ್ಲಿ, ಉಳಿಯುವ ಕಣವು ಕಾಲು ಮೈಕ್ರಾನಿನಷ್ಟು ಮಾತ್ರ. ತಲೆಗೂದಲಿನ ದಪ್ಪದ ಇನ್ನೂರನೆಯ ಒಂದು ಪಾಲಿಗಿಂತಲೂ ಇದು ಕಿರಿದು. ಇಂತಹ ಕಣವು ಮೂಗಿನಲ್ಲಿಯಾಗಲಿ ಗಂಟಲಿನಲ್ಲಿಯಾಗಲಿ ತಡೆಯದೆ ಶ್ವಾಸಕೋಶದ ಅಂತರಾಳದವರೆಗೂ ಹೋಗಬಲ್ಲುದು. ಹನ್ನೆರಡಡಿ ಉದ್ದಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 40 ಘನಮೀಟರು ಗಾಳಿಯಿರುವುದು. ಆ 1.2 ಗ್ರಾಮಿನಲ್ಲಿ ನೂರನೆಯ ಒಂದು ಪಾಲು ಮಾತ್ರ ಒಂದು ಹೊತ್ತಿನಲ್ಲಿ ತೇಲುತ್ತಿದೆಯೆಂದು ಇಟ್ಟುಕೊಂಡರೂ ಘನಮೀಟರಿಗೆ 300 ಮೈಕ್ರೋಗ್ರಾಂ ಆಗುವುದು. ಹೊರಗಿನ ಗಾಳಿಯಲ್ಲಿ ಇಂತಹ ಸೂಕ್ಷ್ಮಕಣಗಳು ದಿನದ ಸರಾಸರಿಯಲ್ಲಿ 60ನ್ನು ಮೀರಬಾರದೆಂದು 2009ರ ನಮ್ಮ ರಾಷ್ಟ್ರೀಯ ಮಾನಕವು ವಿಧಿಸಿರುವುದು. ಬೀದಿಯ ಹೊಗೆಗೆ ಅಂಜಿ ಕಿಟಕಿಯನ್ನು ಮುಚ್ಚಿ ಒಳಗೆ ನಾವೇ ಐದುಪಟ್ಟು ಧೂಳನ್ನು ಎಬ್ಬಿಸಿದಂತಾಯಿತು.

ಇಲ್ಲಿ ಅತಿಶಯೋಕ್ತಿಯು ಸಲ್ಲದು. ಸುಣ್ಣದ ಕಣವೂ ಹೊಗೆಯ ಕಣವೂ ಒಂದೇ ಗುಣದವಲ್ಲ. ಈ ಖನಿಜಧೂಳಿಯಿಂದ ಆರೋಗ್ಯವಂತರಿಗೆ ಗುರುತರವಾದ ಅಪಾಯವುಂಟೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ನಿರ್ಣಯಿಸಿಲ್ಲ. ಆದರೂ ಖನಿಜವು ಕಡಮೆಯಿರುವ ನೀರನ್ನೇ ಬಳಸಬೇಕೆಂದು ಅದು ಸಲಹೆಮಾಡುವುದು. ಶಿಶುಗಳ ವಿಷಯವು ಬೇರೆ. ಈ ಧೂಳಿಯನ್ನು ಉಸಿರಾಡಿದ ಶಿಶುವೊಂದರ ಶ್ವಾಸಕೋಶಕ್ಕೆ ಹಾನಿಯಾದ ಪ್ರಸಂಗವನ್ನು 2011ರಲ್ಲಿ ಅಮೆರಿಕದ ವೈದ್ಯರು ವರದಿಮಾಡಿರುವರು. ಮೇಲಾಗಿ ನೀರಿನಲ್ಲಿ ಸುಣ್ಣವೊಂದೇ ಇರುವುದೆಂಬ ನಿಯಮವಿಲ್ಲ. ಕೋಲಾರ, ಪಾವಗಡ ಮೊದಲಾದ ಕಡೆಗಳ ಆಳವಾದ ಬಾವಿಗಳಲ್ಲಿ ಫ್ಲೋರೈಡು ಇರುವುದು ಪ್ರಸಿದ್ಧವಾಗಿದೆ. ನೀರಿನಲ್ಲಿ ಕರಗಿರುವುದು ಏನೇ ಇರಲಿ, ಯಂತ್ರವು ಅದನ್ನು ಹೆಕ್ಕಿ ಬಿಡದೆ ಗಾಳಿಗೆ ಎಸೆಯುವುದು. ಪಾನಕ್ಕೆ ಯೋಗ್ಯವಾದ ಜಲವೆಲ್ಲವೂ ಶ್ವಾಸಕ್ಕೆ ಯೋಗ್ಯವಲ್ಲವೆಂಬುದೇ ಈ ವಿಷಯದಲ್ಲಿ ಮುಖ್ಯವಾದ ಮಾತು. ಜಠರವು ಪಚನಮಾಡಿ ಕಳುಹಬಲ್ಲುದನ್ನು ಶ್ವಾಸಕೋಶವು ಸಹಿಸಬೇಕೆಂದಿಲ್ಲ.

ಹಾಗಾದರೆ ನೀರನ್ನು ಶುದ್ಧಿಮಾಡಿ ಹಾಕೋಣವೆಂದರೆ, ಶುದ್ಧಿಯೆಂಬ ಒಂದೇ ಶಬ್ದದಲ್ಲಿ ನಾಲ್ಕಾರು ಅರ್ಥಗಳು ಅಡಗಿರುವುದರಿಂದ ಜನರು ಮೋಸಹೋಗುವರು. ನಾನೂ ಹೋದೆನು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ದ್ರವದ್ರವ್ಯಗಳನ್ನು ಹೇಳುವ 45ನೆಯ ಅಧ್ಯಾಯದಲ್ಲಿ, ಕಲುಷಿತವಾದ ನೀರನ್ನು ತಿಳಿಗೊಳಿಸುವ ಏಳು ವಸ್ತುಗಳನ್ನು ಎಣಿಸಿದೆ. ಕತಕಬೀಜ, ಎಂದರೆ ನಮ್ಮ ಚಿಲ್ಲದ ಬೀಜ, ಅವುಗಳಲ್ಲಿ ಮೊದಲನೆಯದು. ಬಟ್ಟೆಯೂ ಅದರಲ್ಲಿ ಸೇರಿರುವುದು. ಶಾಸ್ತ್ರಕಾರನು ಅಲ್ಲಿ ಹೇಳುವುದು ಕಾಲುಷ್ಯದ ವಿಷಯವನ್ನು, ಎಂದರೆ ಕದಡಿದ ಮಣ್ಣು ಕಸಗಳನ್ನು. ಬೀಜವನ್ನು ತೇದರೆ ಮಣ್ಣು ಕೆಳಗೆ ಕೂರುವುದು. ಕರಗಿದ ಉಪ್ಪು ಕೂರುವುದಿಲ್ಲ. ಉಪ್ಪುನೀರಿನ ಬಾವಿಯೂ ಸಿಹಿನೀರಿನ ಬಾವಿಯೂ ಅಕ್ಕಪಕ್ಕದಲ್ಲಿರುವ ಊರುಗಳು ನಮ್ಮಲ್ಲಿ ಎಷ್ಟೋ ಇವೆ. ಎರಡರ ನೀರೂ ನೋಟಕ್ಕೆ ಒಂದೇ ತಿಳಿ. ಕಣ್ಣಿಗೆ ಕಾಣದ ಈ ಭೇದವನ್ನು ಅಡುಗೆಮನೆಯ ಹೆಂಗಸರು ಬೇಳೆ ಬೇಯುವ ನೀರು, ಬೇಯದ ನೀರು ಎಂದು ಲೀಲಾಜಾಲವಾಗಿ ವಿಂಗಡಿಸುವರು. ತಿಳಿನೀರಿನಲ್ಲಿ ಧೂಳೆಲ್ಲಿಂದ ಎಂದು ನಾನು ಕೇಳಿದ ಪ್ರಶ್ನೆಗೆ ಉತ್ತರವು ನಮ್ಮ ಒಲೆಯ ಮೇಲೆಯೇ ಇದ್ದಿತು.

ಕುದಿಸಿ ಆರಿಸಿದ ನೀರೂ ಸಾಲದು. ಕುದಿಸಿದರೆ ರೋಗಾಣುಗಳು ಸಾಯುವುವು. ಕ್ಯಾಲ್ಸಿಯಂ ಬೈಕಾರ್ಬೊನೇಟಿನ ರೂಪದಲ್ಲಿದ್ದ ಗಡಸುತನವು ಸುಣ್ಣಕಲ್ಲಿನ ಪದರವಾಗಿ ತಳಕ್ಕೆ ಕಚ್ಚುವುದು. ಬಚ್ಚಲಮನೆಯ ಹಂಡೆಯೊಳಗೆ ಕಟ್ಟುವ ಬಿಳಿಯ ಹೊಪ್ಪಳೆಯು ಇದೇ. ಆದರೆ ಕ್ಲೋರೈಡು, ಸಲ್ಫೇಟುಗಳ ರೂಪದಲ್ಲಿರುವ ಲವಣವು ಹಾಗೆಯೇ ಉಳಿದು, ನೀರು ಬತ್ತಿದಷ್ಟೂ ಸಾಂದ್ರವಾಗುವುದು. ನೀರನ್ನು ಮೆದುಮಾಡುವ ಯಂತ್ರಗಳನ್ನು ಮನೆಗೆ ಹಾಕಿಸಿದವರು ತಮಗೆ ಈ ತೊಂದರೆಯಿಲ್ಲವೆಂದು ತಿಳಿಯುವರು, ಅದೂ ಭ್ರಾಂತಿಯೇ. ಆ ಯಂತ್ರವು ಕ್ಯಾಲ್ಸಿಯಮ್ಮನ್ನು ತೆಗೆದುಕೊಂಡು ಅದಕ್ಕೆ ಬದಲಾಗಿ ಸೋಡಿಯಮ್ಮನ್ನು ಕೊಡುವುದು. ಸಾಬೂನು ನೊರೆಬರುವುದು, ಬೇಳೆಯೂ ಬೇಯುವುದು. ಕರಗಿದ ಒಟ್ಟು ಪದಾರ್ಥವು ಮಾತ್ರ ಕಡಮೆಯಾಗದು, ಧೂಳೂ ಕಡಮೆಯಾಗದು. ಕೆಲವು ತೇವಯಂತ್ರಗಳ ತೊಟ್ಟಿಯಲ್ಲಿ ಲವಣವನ್ನು ಹೀರುವ ಗುಳಿಗೆಗಳ ಡಬ್ಬಿಯೊಂದಿರುವುದು. ಗಡಸುನೀರಿನ ಊರುಗಳಲ್ಲಿ ಅದರ ಶಕ್ತಿಯು ಬೇಗನೆ ತೀರುವುದರಿಂದ, ಧೂಳು ಮರಳಿ ಕಂಡೊಡನೆ ಅದನ್ನು ಬದಲಿಸಬೇಕು.

ಸರಿಯಾದುದು ಬಟ್ಟಿಯಿಳಿಸಿದ ನೀರು. ಓರೆಯಾದ ನಾಳದಿಂದ ಎರಡು ಪಾತ್ರೆಗಳನ್ನು ಜೋಡಿಸಿ, ಒಂದನ್ನು ಕಾಯಿಸಿ ಇನ್ನೊಂದರಲ್ಲಿ ಸಾರವನ್ನು ಹಿಡಿಯುವ ತಿರ್ಯಕ್ಪಾತನ ಯಂತ್ರವನ್ನು ರಸಶಾಸ್ತ್ರವನ್ನೋದಿದವರು ಬಲ್ಲರು. ಅಲ್ಲಿ ಅದರ ಉಪಯೋಗವು ಪಾರದಕ್ಕೆ. ತತ್ತ್ವವು ಎರಡೆಡೆಯಲ್ಲಿಯೂ ಒಂದೇ. ದಿನವೂ ಎರಡು ಲೀಟರಿಗೆ ಹಣ ತೆರಲಾರದವರು ಆರ್‌.ಓ. ಯಂತ್ರದ ನೀರನ್ನು ಹಾಕಬಹುದು. ಅದರಲ್ಲಿ ಲವಣವು ಪೂರ್ತಿಯಾಗಿ ಹೋಗದಿದ್ದರೂ ಬಹಳ ಮಟ್ಟಿಗೆ ಇಳಿಯುವುದು. ನಮ್ಮ ಮನೆಯಲ್ಲಿ 870 ಇದ್ದುದು 60ಕ್ಕೆ ಬಂದಿತು. ಆದರೆ ಆ ಯಂತ್ರದ ಇನ್ನೊಂದು ಕೊಳವೆಯಿಂದ ಹೊರಬೀಳುವ ನೀರನ್ನು ನೆಲ ಒರೆಸಲು ಬಕೀಟಿನಲ್ಲಿ ಹಿಡಿದಿಡುವ ಪದ್ಧತಿಯುಂಟಷ್ಟೆ. ಅದನ್ನು ಮರೆತು ತೇವಯಂತ್ರಕ್ಕೆ ಹೊಯ್ದರೆ ಬಾವಿಯ ನೀರಿಗಿಂತಲೂ ಹೆಚ್ಚಿನ ಲವಣವನ್ನು ಹೊಯ್ದಂತೆ. ಹವಾನಿಯಂತ್ರಕದಿಂದ ತೊಟ್ಟಿಕ್ಕುವ ನೀರಿನಲ್ಲಿ ಖನಿಜವು ಅಲ್ಪವೇ. ಆದರೆ ಅದು ಕೊಳೆಯೂ ಪಾಚಿಯೂ ಇರುವ ತಗಡಿನ ಮೇಲೆ ಹರಿದುಬಂದುದು, ಉಸಿರಿಗೆ ತಕ್ಕುದಲ್ಲ. ಆಕಾಶದಿಂದ ಬಿದ್ದ ನೀರನ್ನು ಸುಶ್ರುತನು ಶ್ರೇಷ್ಠವೆನ್ನುವನು. ಅದರಲ್ಲಿ ಲವಣವು ಅತ್ಯಲ್ಪವೆಂಬುದೂ ದಿಟವೇ. ಆದರೆ ಯಂತ್ರವು ಬೇಕಾಗುವ ಕಾಲದಲ್ಲಿ ಮಳೆಯಿಲ್ಲ, ಮಳೆಯ ಕಾಲದಲ್ಲಿ ಯಂತ್ರವು ಬೇಕಿಲ್ಲ. ತಿಂಗಳುಗಟ್ಟಲೆ ಕೂಡಿಟ್ಟ ನೀರಿನಲ್ಲಿ ಕ್ರಿಮಿಗಳು ಬೆಳೆಯುವುವು.

ಇನ್ನು ಯಂತ್ರದ ಶುದ್ಧಿ. ಧೂಳಿಗೆ ನೀರೇ ಮೂಲವಾದರೂ, ಹೊಪ್ಪಳೆಗಟ್ಟಿದ ಯಂತ್ರದಲ್ಲಿ ಬಿಲ್ಲೆಯ ಕಂಪನವು ಕುಂದುವುದು. ಆ ಒರಟು ಪದರದಲ್ಲಿ ಲೋಳೆಯೂ ಬೂಷ್ಟೂ ಮನೆಮಾಡಿಕೊಳ್ಳುವುವು, ಅವುಗಳೂ ಹನಿಗಳೊಡನೆ ಹಾರುವುವು. ಆದುದರಿಂದ ದಿನವೂ ಬೆಳಗ್ಗೆ, ವಿದ್ಯುತ್ತಿನ ತಂತಿಯನ್ನು ಕಿತ್ತ ಮೇಲೆ, ಉಳಿದ ನೀರನ್ನು ಚೆಲ್ಲಿ, ತೊಟ್ಟಿಯನ್ನು ಗಲಬರಿಸಿ, ಬಟ್ಟೆಯಿಂದ ಒರೆಸಿ ಬಾಯಿ ತೆರೆದಿಡಬೇಕು. ಹಿಂದಿನ ದಿನದ ನೀರಿಗೆ ಹೊಸನೀರನ್ನು ಬೆರಸಬಾರದು. ಹಾಗೆ ಮಾಡಿದರೆ ಕೊಳೆತ ನೀರು ಎಂದಿಗೂ ತೀರದು.

ಮೂರು ದಿನಗಳಿಗೊಮ್ಮೆ ಹುಳಿಯ ಸಂಸ್ಕಾರವಾಗಬೇಕು. ತಾಮ್ರದ ಹಂಡೆಗೆ ಹುಣಿಸೆಯನ್ನು ತಿಕ್ಕುವವರಿಗೆ ಇದು ಹೊಸತಲ್ಲ. ಕ್ಷಾರದಿಂದಾದ ದಾಹವನ್ನು ಅಮ್ಲವು ಶಮನಗೊಳಿಸುವುದೆಂದು ಹೇಳಿ, ಉಷ್ಣವಾದ ಅಮ್ಲವು ಉಷ್ಣವಾದ ಕ್ಷಾರವನ್ನು ಹೇಗೆ ಶಮನಮಾಡೀತೆಂಬ ಶಂಕೆಯನ್ನೂ ಎತ್ತಿ ಸುಶ್ರುತನು ಸಮಾಧಾನ ಹೇಳಿರುವನು. ಇಂದಿನ ರಸಾಯನಶಾಸ್ತ್ರದ ಮಾತಿನಲ್ಲಿ, ಸುಣ್ಣದ ಕಾರ್ಬೊನೇಟು ಹುಳಿಯೊಡನೆ ಕೂಡಿ ಅಂಗಾರಾಮ್ಲವಾಯುವನ್ನು ಬಿಟ್ಟು ಕರಗುವುದು. ತಳಪಾತ್ರೆಯಿಂದ ಉದುರಿದ ಚೂರಿನ ಮೇಲೆ ನಿಂಬೆಯ ರಸವನ್ನು ಹಿಂಡಿದರೆ ಬುರುಬುರನೆ ಗುಳ್ಳೆಯೇಳುವುದನ್ನು ಮಕ್ಕಳೂ ನೋಡಿ ಸಂತೋಷಪಡಬಹುದು. ನಿಂಬೆಯ ರಸದಲ್ಲಿ ತಿರುಳೂ ಸಕ್ಕರೆಯ ಅಂಶವೂ ಇರುವುದರಿಂದ, ಯಂತ್ರಕ್ಕೆ ಅಂಗಡಿಯಲ್ಲಿ ದೊರೆಯುವ ನಿಂಬೆಯುಪ್ಪು ಲೇಸು. ಅರ್ಧ ಲೀಟರು ಉಗುರುಬೆಚ್ಚನೆಯ ನೀರಿಗೆ ಒಂದು ದೊಡ್ಡ ಚಮಚದಷ್ಟು ಕರಗಿಸಿ, ಬಿಲ್ಲೆಯು ಮುಳುಗುವಂತೆ ತಳಪಾತ್ರೆಗೆ ಹೊಯ್ದು ಅರ್ಧ ಗಂಟೆ ಬಿಡುವುದು. ಬಳಿಕ ಮೆತ್ತನೆಯ ಕುಂಚದಿಂದ ಉಜ್ಜಿದರೆ ಪದರವು ಬಿಡುವುದು. ಚಾಕುವಿನಿಂದಲೂ ತಂತಿಯ ಉಂಡೆಯಿಂದಲೂ ಬಿಲ್ಲೆಯನ್ನು ಕೆರೆಯಬಾರದು. ಗೀರುಬಿದ್ದ ಬಿಲ್ಲೆಯು ಕೆಟ್ಟಂತೆಯೇ ಸರಿ. ಮೋಟಾರು ಇರುವ ಭಾಗವನ್ನು ನಲ್ಲಿಯ ಕೆಳಗೆ ಹಿಡಿಯಲೂ ಬಾರದು. ಲೋಳೆಯು ಕಂಡರೆ 3 ಪ್ರತಿಶತ ಹೈಡ್ರೊಜನ್ ಪೆರಾಕ್ಸೈಡಿನಿಂದ ತೊಟ್ಟಿಯನ್ನು ಒರೆಸಬಹುದು. ಬ್ಲೀಚಿಂಗ್ ಪೌಡರಿನ ನೀರನ್ನೂ ಹುಳಿಯನ್ನೂ ಎಂದಿಗೂ ಕೂಡಿಸಬಾರದು. ಕೂಡಿದರೆ ವಿಷವಾದ ಕ್ಲೋರಿನ್ ವಾಯುವು ಹುಟ್ಟುವುದು. ಯಾವುದರಿಂದ ತೊಳೆದರೂ ವಾಸನೆಯಿಲ್ಲದಂತಾಗುವವರೆಗೆ ಒಳ್ಳೆಯ ನೀರಿನಿಂದ ಗಲಬರಿಸಿಯೇ ಯಂತ್ರವನ್ನು ಹೂಡತಕ್ಕದ್ದು.

ಈ ಕಡೆಯ ವಿಧಿಯನ್ನು ಏತಕ್ಕೆ ಒತ್ತಿ ಹೇಳುತ್ತಿರುವೆನೆಂದರೆ, ಅದರ ಉಲ್ಲಂಘನೆಯಿಂದ ಒಂದು ದೇಶವೇ ಗೋಳಾಡಿರುವುದು. ದಕ್ಷಿಣ ಕೊರಿಯದಲ್ಲಿ 1994ರಿಂದ, ತೇವಯಂತ್ರದ ತೊಟ್ಟಿಯಲ್ಲಿ ಲೋಳೆಗಟ್ಟದಂತೆ ನೀರಿಗೇ ಬೆರಸುವ ಕ್ರಿಮಿನಾಶಕ ದ್ರವಗಳು ಮಾರಾಟಕ್ಕೆ ಬಂದುವು. ತೊಟ್ಟಿಯನ್ನು ತೊಳೆಯುವ ಶ್ರಮವಿಲ್ಲವೆಂದು ಜನರು ಮೆಚ್ಚಿದರು. ಅವುಗಳಲ್ಲಿದ್ದ ಪಾಲಿಹೆಕ್ಸಾಮೆಥಿಲೀನ್ ಗ್ವಾನಿಡೀನ್ ಮುಂತಾದುವು ಚರ್ಮಕ್ಕೆ ತಗುಲಿದರೆ ಅಷ್ಟಾಗಿ ಬಾಧಿಸವು. ಹನಿಯೊಡನೆ ಶ್ವಾಸಕೋಶವನ್ನು ಸೇರಿದಾಗ ಅದನ್ನು ಗಡುಸಾಗಿಸಿ ಉಸಿರನ್ನೇ ನಿಲ್ಲಿಸಿದುವು. 2011ರ ವಸಂತದಲ್ಲಿ ಕಾರಣವರಿಯದ ಶ್ವಾಸರೋಗದಿಂದ ಗರ್ಭಿಣಿಯರೂ ಬಾಣಂತಿಯರೂ ಆಸ್ಪತ್ರೆಗೆ ಬರತೊಡಗಲು ವಿಚಾರಣೆ ನಡೆದು, ಅದೇ ವರ್ಷ ಮೂಲವು ಗೊತ್ತಾಗಿ ದ್ರವಗಳನ್ನು ಅಂಗಡಿಗಳಿಂದ ತೆಗೆಸಿದರು. ಅಷ್ಟರಲ್ಲಿ ಹದಿನೇಳು ವರ್ಷಗಳು ಕಳೆದಿದ್ದುವು. ಹಾನಿಗೊಳಗಾದವರು ಸಾವಿರಾರು ಮಂದಿ, ಅವರಲ್ಲಿ ಶಿಶುಗಳು ಅನೇಕ. ಸಂತ್ರಸ್ತರ ಪರಿಹಾರಕ್ಕಾಗಿ ಆ ದೇಶವು 2017ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಮಗುವಿನ ಆರೋಗ್ಯಕ್ಕೆಂದು ತಾಯಂದಿರು ತಮ್ಮ ಕೈಯಾರೆ ಅಳೆದು ಹೊಯ್ದ ದ್ರವವದು. ಸುವಾಸನೆಗೆಂದು ತೈಲವನ್ನೂ, ಶೀತಕ್ಕೆಂದು ಕರ್ಪೂರವನ್ನೂ ತೊಟ್ಟಿಗೆ ಹಾಕುವ ಅಭ್ಯಾಸವು ನಮ್ಮಲ್ಲಿಯೂ ಕಾಣತೊಡಗಿದೆ. ತೊಟ್ಟಿಯೊಳಗೆ ನೀರಲ್ಲದೆ ಮತ್ತೇನೂ ಇರಬಾರದು.

ತೇವದ ಮಿತಿಯನ್ನು ಕುರಿತು ಎರಡು ಮಾತುಗಳು ಸಾಕು. ಗಾಳಿಯ ಸಾಪೇಕ್ಷ ಆರ್ದ್ರತೆಯು 30ರಿಂದ 50 ಪ್ರತಿಶತದೊಳಗಿದ್ದರೆ ಹಿತ; 60ನ್ನು ದಾಟಿದರೆ ಗೋಡೆಗೂ ಗರಿಗೂ ಬೂಷ್ಟು ಹಿಡಿಯುವುದು. ಅಳೆಯುವ ಚಿಕ್ಕ ಮಾಪಕವು ಸುಲಭವಾಗಿ ದೊರೆಯುವುದು. ಮಂಗಳೂರು ಉಡುಪಿಗಳ ಕಡಲತೀರದವರಿಗೆ ಈ ಯಂತ್ರದ ಗೊಡವೆಯೇ ಬೇಡ.

ನಮ್ಮ ಮನೆಯಲ್ಲಿ ಈಗ ಮಗುವಿನ ಕೋಣೆಯಲ್ಲಿ ಬತ್ತಿಯ ಯಂತ್ರವೂ, ಆರ್‌.ಓ. ನೀರೂ ನಡೆದಿರುವುವು. ಬತ್ತಿಯನ್ನು ವಾರಕ್ಕೊಮ್ಮೆ ಹುಳಿನೀರಿನಲ್ಲಿ ಅದ್ದಿ ಹಿಂಡುವುದು ನನ್ನ ಪಾಲಿನ ಕೆಲಸವೆಂದು ಸೊಸೆಯು ಗೊತ್ತುಮಾಡಿರುವಳು. ಓಲೆಗರಿಗಳ ಕಪಾಟನ್ನು ಬೇರೆ ಕೋಣೆಗೆ ಸಾಗಿಸಿದ್ದಾಯಿತು. ಗರಿಗಳ ಮೇಲೆ ಕುಳಿತಿದ್ದ ಧೂಳನ್ನು ಒದ್ದೆಬಟ್ಟೆಯಿಂದಲ್ಲ, ಒಣಗಿದ ಮೆತ್ತನೆಯ ಕುಂಚದಿಂದ ಒಂದೊಂದಾಗಿ ತೆಗೆಯುತ್ತಿರುವೆನು. ಮೊದಲ ಮುಂಗಾರುಮಳೆಯು ಬಿದ್ದೊಡನೆ ಯಂತ್ರವನ್ನು ಹುಳಿಯಿಂದ ಕಡೆಯ ಸಲ ತೊಳೆದು, ಎರಡು ದಿನ ಬಿಸಿಲಿಲ್ಲದ ಗಾಳಿಯಲ್ಲಿ ಒಣಗಿಸಿ, ಹಳೆಯ ಬತ್ತಿಯನ್ನು ಎಸೆದು, ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸತಕ್ಕದ್ದು.